ನಸುಕಿನ ನಾಲ್ಕು ಗಂಟೆಯ ಹಸಿವು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಅವರಿಗೆ ನಲವತ್ತರ ಆಸುಪಾಸು. ಲೆಕ್ಕಪತ್ರ ನೋಡುವ ಕೆಲಸ. ನನ್ನ ಬಳಿ ಬಂದಿದ್ದು ಸಿಟ್ಟಿನ ವಿಷಯಕ್ಕೆ. ಬೆಳಗ್ಗೆ ಎದ್ದ ಕೂಡಲೇ ಮಕ್ಕಳ ಮೇಲೆ ರೇಗುತ್ತೇನೆ, ಆಮೇಲೆ ದಿನವಿಡೀ ಅದೇ ಕೊರಗು ಅಂದರು. ಅರ್ಧ ಗಂಟೆ ಮಾತಾಡಿದ ಮೇಲೆ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಮೇಡಂ, ನಾನು ಕದ್ದು ತಿಂತೀನಿ."

ನಸುಕಿನ ನಾಲ್ಕು, ನಾಲ್ಕೂವರೆಗೆ ಎಚ್ಚರ. ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಲೈಟ್ ಹಾಕದೆ ಅಡುಗೆಮನೆಗೆ ಹೋಗುತ್ತಾರೆ. ಬಿಸ್ಕತ್ತಿನ ಡಬ್ಬಿ ಟಕ್ ಅನ್ನದ ಹಾಗೆ ಮುಚ್ಚಳವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ತೆಗೆಯುತ್ತಾರೆ. ನನ್ನ ಮೇಜಿನ ಮೇಲಿದ್ದ ಪಿನ್ನಿನ ಡಬ್ಬಿಯಲ್ಲಿ ಅದನ್ನು ಮಾಡಿಯೂ ತೋರಿಸಿದರು. ಸದ್ದೇ ಬರಲಿಲ್ಲ! ನಿಂತಲ್ಲೇ ಏಳೆಂಟು ತಿಂದು, ಬಾಯಿ ಒರೆಸಿಕೊಂಡು ಮತ್ತೆ ಮಲಗುವುದು. ಯಜಮಾನರಿಗೆ ಗೊತ್ತಾಗಬಾರದು. "ನಂಗೆ ಬಾಯಿಚಪಲ ಜಾಸ್ತಿ, ಅಷ್ಟೆ. ಮನಸ್ಸು ಗಟ್ಟಿ ಇಲ್ಲ."

ನನಗೆ ಹಾಗೆ ಅನ್ನಿಸಲಿಲ್ಲ. ಆದರೂ ಮೊದಲು ವೈದ್ಯರ ಬಳಿ ಕಳಿಸಿದೆ. ಇದ್ದಕ್ಕಿದ್ದಂತೆ ಹಸಿವು ಹೆಚ್ಚಾಗುವುದಕ್ಕೆ ಸಕ್ಕರೆ ಕಾಯಿಲೆ, ಥೈರಾಯ್ಡ್, ಕೆಲವು ಮಾತ್ರೆಗಳು ಕಾರಣ ಇರಬಹುದು. ಹೊಟ್ಟೆಯ ಉರಿಯನ್ನೇ ಹಸಿವು ಅಂದುಕೊಳ್ಳುವವರೂ ಇದ್ದಾರೆ. ಇವರ ವರದಿಗಳೆಲ್ಲ ಸರಿಯಾಗಿದ್ದವು. ರಾತ್ರಿ ತಿನ್ನುವ ಕಾಯಿಲೆಯೇನೋ ಅಂತಲೂ ಯೋಚಿಸಿದೆ. ಅದನ್ನು 1955ರಲ್ಲಿ ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕಾರ್ಡ್ ವಿವರಿಸಿದ್ದರು. ಆದರೆ ಅಂಥವರಿಗೆ ಸಾಮಾನ್ಯವಾಗಿ ಬೆಳಗ್ಗೆ ಹಸಿವೇ ಇರುವುದಿಲ್ಲ, ಹೆಚ್ಚು ತಿನ್ನುವುದು ಸಂಜೆಯ ಮೇಲೆ. ಇವರಿಗೆ ಏಳು ಗಂಟೆಗೂ ಹಸಿವು. ಮನಸ್ಸಿನ ಸ್ಥಿತಿ ಬಗ್ಗೆ ಕೇಳಬೇಕಾದ್ದನ್ನೆಲ್ಲ ಕೇಳಿ, ಆ ಯೋಚನೆ ಪಕ್ಕಕ್ಕಿಟ್ಟೆ.

7 ದಿನದ ಹಾಳೆ ಕೊಟ್ಟೆ. ಯಾವ ಹೊತ್ತಿಗೆ ಏನು ತಿಂದಿರಿ, ಆಗ ಹಸಿವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಇಷ್ಟೇ ಬರೆಯಬೇಕು. ಹಾಳೆ ವಾಪಸ್ ಬಂದಾಗ ಮೊದಲ ಮೂರು ದಿನದ ಸಾಲುಗಳ ನಡುವೆ ಪೆನ್ಸಿಲಿನಲ್ಲಿ ಸಣ್ಣದಾಗಿ ಏನೋ ಸೇರಿಸಿದ್ದರು: "10.30, ಬಿಸ್ಕತ್ತು 5". ಮೊದಲು ಬರೆಯದೆ ಬಿಟ್ಟು, ಆಮೇಲೆ ಮನಸ್ಸು ತಡೆಯದೆ ಬರೆದದ್ದು.

ಕತೆ ಅಲ್ಲೇ ಇತ್ತು. ಮಧ್ಯಾಹ್ನದ ಊಟ ಕಂಪ್ಯೂಟರ್ ಮುಂದೆ, ಐದೇ ನಿಮಿಷ. ತೂಕ ಇಳಿಸಬೇಕೆಂದು ಆರು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದರು. ಆರೂವರೆಗೆ ಒಂದು ಬಟ್ಟಲು ಹೆಚ್ಚಿದ ಹಣ್ಣು, ಅಲ್ಲಿಗೆ ಮುಗಿಯಿತು. ಮಕ್ಕಳು ಮಲಗಿದ ಮೇಲೆ ಮೊಬೈಲ್ ಹಿಡಿದು ಕೂತಾಗ ಬಿಸ್ಕತ್ತು. ಹೊಟ್ಟೆಗೆ ನಿಲ್ಲುವಂಥದ್ದು ಏನಾದರೂ ಬಿದ್ದದ್ದು ಮಧ್ಯಾಹ್ನ ಒಂದಕ್ಕೆ. ಅಲ್ಲಿಂದ ನಸುಕಿನ ನಾಲ್ಕಕ್ಕೆ ಹದಿನೈದು ಗಂಟೆ. ಹಸಿವಾಗದೆ ಇನ್ನೇನು?

ಅವರಿಗೆ ಇನ್ನೊಂದು ಸಂಗತಿಯನ್ನೂ ಹೇಳಿದೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಇದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ಕಂಡುಹಿಡಿದರು. ಅದು ಹೊಟ್ಟೆ ಖಾಲಿಯಾದಾಗ ಏರುತ್ತದೆ. ಜೊತೆಗೆ, ನಾವು ದಿನಾ ತಿನ್ನುವ ಹೊತ್ತು ಹತ್ತಿರ ಬಂದಾಗಲೂ ಏರುತ್ತದೆ. ನಾಲ್ಕಕ್ಕೆ ದಿನಾ ತಿಂದರೆ ದೇಹ ನಾಲ್ಕಕ್ಕೇ ಕಾಯಲು ಕಲಿಯುತ್ತದೆ. ನಿದ್ದೆ ಕಮ್ಮಿಯಾದರೆ ಹಸಿವು ಇನ್ನೂ ಜಾಸ್ತಿ. ವಿಚಿತ್ರ ಅಂದರೆ, ದೇಹದ ಗಡಿಯಾರದ ಪ್ರಕಾರ ಹೆಚ್ಚಿನವರಿಗೆ ಹಸಿವು ತೀರಾ ಕಡಿಮೆ ಇರಬೇಕಾದ್ದೇ ಬೆಳಗಿನ ಹೊತ್ತಿನಲ್ಲಿ, ಹೆಚ್ಚಿರಬೇಕಾದ್ದು ಸಂಜೆಯಲ್ಲಿ. ಇವರು ಸಂಜೆಯ ಹಸಿವನ್ನು ಹಣ್ಣು ಕೊಟ್ಟು ಸುಮ್ಮನಾಗಿಸುತ್ತಿದ್ದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. "ಏಳಕ್ಕೆ ಸರಿಯಾಗಿ ಊಟ ಮಾಡಿ, ಆಮೇಲೆ ಅಡುಗೆಮನೆ ಬಂದ್" ಅಂದುಬಿಟ್ಟೆ. ಹೇಳುವುದಕ್ಕೆ ಸುಲಭ ನೋಡಿ. ಅವರು ಮಲಗುವುದು ಹನ್ನೊಂದೂವರೆಗೆ. ಹತ್ತಾಗುವಷ್ಟರಲ್ಲಿ ಮತ್ತೆ ಹಸಿವು, ಬಂದ್ ಆದ ಅಡುಗೆಮನೆ, ಮತ್ತೆ ಕಳ್ಳತನ. ಮುಂದಿನ ವಾರ ಮುಖ ಇಳಿಬಿಟ್ಟುಕೊಂಡು ಬಂದರು. "ನೀವು ಹೇಳಿದ್ದೂ ಆಗ್ಲಿಲ್ಲ ನನ್ನ ಕೈಲಿ" ಅಂದರು. ಆಗದ ಮಾತು ಹೇಳಿದವಳು ನಾನು, ಕ್ಷಮೆ ಕೇಳಿದೆ.

ಎರಡನೇ ಸಲ ಮೊದಲು ಹೇಳಿದ್ದು ಇದು: ನಾಲ್ಕಕ್ಕೆ ಹಸಿವಾದರೆ ತಿನ್ನಿ. ಆದರೆ ಲೈಟ್ ಹಾಕಿ, ತಟ್ಟೆಗೆ ಹಾಕಿಕೊಂಡು, ಕೂತು ತಿನ್ನಿ. ಅವರು ನನ್ನ ಮುಖವನ್ನೇ ನೋಡಿದರು. ಕದ್ದು ತಿಂದದ್ದು ಹೊಟ್ಟೆಗೆ ಹೋದರೂ ಮನಸ್ಸಿಗೆ ಲೆಕ್ಕ ಸಿಗುವುದಿಲ್ಲ, ಹಾಗಾಗಿ ಎಷ್ಟು ತಿಂದರೂ ಸಾಕು ಅನ್ನಿಸುವುದಿಲ್ಲ. ಇದು ನಾನು ಎಷ್ಟೋ ಜನರಲ್ಲಿ ಕಂಡದ್ದು.

ಊಟ ಎಂಟೂವರೆಗೆ, ಮನೆಯವರ ಜೊತೆ. ಮಲಗುವುದಕ್ಕೂ ಊಟಕ್ಕೂ ಮೂರು ಗಂಟೆ ಸಿಗುತ್ತದೆ. ತಟ್ಟೆಯ ಅರ್ಧ ತರಕಾರಿ, ಉಳಿದರ್ಧದಲ್ಲಿ ಸಮ ಪಾಲು ಧಾನ್ಯ ಮತ್ತು ಕಾಳು, ಮೊಟ್ಟೆ ಅಥವಾ ಮೊಸರಿನಂಥದ್ದು. ಪ್ರೋಟೀನು, ನಾರು ಇದ್ದರೆ ಹೊಟ್ಟೆ ಬೇಗ ಖಾಲಿ ಅನ್ನಿಸುವುದಿಲ್ಲ. ಹಣ್ಣನ್ನು ಸಂಜೆ ಐದಕ್ಕೆ ತಂದೆವು, ಒಂದು ಹಿಡಿ ಕಡಲೆಬೀಜದ ಜೊತೆ. ಬಿಸ್ಕತ್ತು ನಿಲ್ಲಿಸಿ ಅನ್ನಲಿಲ್ಲ. ಬೇಕಾದರೆ ಊಟವಾದ ಕೂಡಲೇ ಎರಡು, ಎಲ್ಲರೆದುರು. ನಸುಕಿನಲ್ಲಿ ತಿನ್ನುವುದನ್ನು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಮುಂದಕ್ಕೆ ತಳ್ಳಬೇಕು. ಮೊದಲು ನೀರು ಕುಡಿದು ಹತ್ತು ನಿಮಿಷ ಕಾಯುವುದು, ಆಗಲೂ ಹಸಿವು ಏಳರ ಮೇಲಿದ್ದರೆ ಹೊತ್ತು ನೋಡದೆ ತಿನ್ನುವುದು. ತೂಕದ ಮಾತು ಎರಡು ತಿಂಗಳು ಬೇಡ ಅಂದೆ. ಇದಕ್ಕೆ ಮಾತ್ರ ಅವರು ಒಪ್ಪಲು ತುಂಬಾ ಹೊತ್ತು ಹಿಡಿಯಿತು.

(ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಹೀಗೆ ಊಟದ ಹೊತ್ತು ಬದಲಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.)

ಲೈಟ್ ಹಾಕಿದ ಮೊದಲ ದಿನವೇ ಯಜಮಾನರು ಎದ್ದು ಬಂದರಂತೆ. ಇವರು ತಟ್ಟೆ ಮುಂದೆ ಕೂತಲ್ಲೇ ಗಟ್ಟಿಯಾದರು. ಅವರು "ನಂಗೂ ಎರಡು ಕೊಡು" ಅಂದು ಎದುರು ಕೂತರಂತೆ. ಹೇಳುವಾಗ ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು.

ಆರನೇ ವಾರದ ಹಾಳೆಯಲ್ಲಿ ಎಚ್ಚರವಾದ ಹೊತ್ತು 5.45 ಅಂತಿದೆ. ಹಸಿವು ನಾಲ್ಕೋ ಐದೋ. ತಿಂಡಿ ಏಳಕ್ಕೆ. ಬೆಳಗ್ಗೆ ರೇಗುವುದು ನಿಂತಿಲ್ಲ, ಕಮ್ಮಿಯಾಗಿದೆ. ತಿಂಗಳ ಕೊನೆಯ ಮೂರು ದಿನ ಮಾತ್ರ ಹಳೇ ಕತೆ: ಲೆಕ್ಕ ಮುಗಿಸುವ ಗಡಿಬಿಡಿ, ಊಟ ಹತ್ತೂವರೆಗೆ, ಮತ್ತೆ ನಾಲ್ಕಕ್ಕೆ ಎಚ್ಚರ. ಆ ಮೂರು ದಿನಕ್ಕೆ ಕೆಲಸದ ಜಾಗಕ್ಕೇ ಊಟದ ಡಬ್ಬಿ ತೆಗೆದುಕೊಂಡು ಹೋಗಿ ನೋಡುತ್ತೇನೆ ಅಂದಿದ್ದಾರೆ. ಮುಂದಿನ ಭೇಟಿಗೆ ಅದರ ಹಾಳೆ ತರಲು ಹೇಳಿದ್ದೇನೆ.