ಮನಸ್ಸು ಒಣಗಿರುವಾಗ ತೀರ್ಮಾನ ಬೇಡ

ಪ್ರಶ್ನೆ: ಆರು ವರ್ಷಗಳಿಂದ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ತರಗತಿ ನಡೆಸುತ್ತಿದ್ದೇನೆ. ಮೂರು ತಿಂಗಳಿಂದ ಪ್ರಾರ್ಥನೆ ರುಚಿಸುತ್ತಿಲ್ಲ, ಬಲಿಪೂಜೆಯಲ್ಲೂ (ಚರ್ಚಿನ ಮಾಸ್) ಮನಸ್ಸು ನಿಲ್ಲುತ್ತಿಲ್ಲ. ಮೊನ್ನೆ ರಾತ್ರಿ ‘ತರಗತಿ ಬಿಟ್ಟುಬಿಡು’ ಎಂದು ಒಳಗಿನಿಂದ ಬಲವಾಗಿ ಅನ್ನಿಸಿತು. ಬಿಡೋಣ ಅಂದುಕೊಂಡ ಕೂಡಲೇ ಹಾಯೆನಿಸಿತು. ಇದು ದೇವರ ದನಿಯೇ?

ಉತ್ತರ: ಈಗ ಬಿಡಬೇಡಿ. ಎಂದೂ ಬಿಡಬಾರದು ಅಂತಲ್ಲ. ಧರ್ಮೋಪದೇಶ ತರಗತಿ ಮದುವೆಯೂ ಅಲ್ಲ, ಪಾದ್ರಿಯಾಗುವ ಗುರುದೀಕ್ಷೆಯೂ ಅಲ್ಲ. ಆದರೆ ತೀರ್ಮಾನಕ್ಕೆ ಇದು ಹೊತ್ತಲ್ಲ. ಯೇಸುಸಭೆಯ ಸ್ಥಾಪಕರಾದ ಲೊಯೋಲಾದ ಸಂತ ಇಗ್ನೇಷಿಯಸರ ‘ಆಧ್ಯಾತ್ಮಿಕ ಸಾಧನೆಗಳು’ 1548ರಲ್ಲಿ ಜಗದ್ಗುರು (ಪೋಪ್) ಮೂರನೇ ಪೌಲರ ಮನ್ನಣೆ ಪಡೆದ ಕೃತಿ. ಆತ್ಮಗಳ ವಿವೇಚನೆಗೆ, ಅಂದರೆ ಒಳಗಿನ ಪ್ರೇರಣೆ ಒಳ್ಳೆಯದರಿಂದಲೋ ಕೆಟ್ಟದ್ದರಿಂದಲೋ ಎಂದು ಗುರುತಿಸಲು, ಅದರಲ್ಲಿರುವ ಮೊದಲ 14 ನಿಯಮಗಳ ಪೈಕಿ ಐದನೆಯದು ನಿಮಗೆಂದೇ ಬರೆದ ಹಾಗಿದೆ: ಮನಸ್ಸು ಒಣಗಿರುವಾಗ, ಅದಕ್ಕೆ ಮುಂಚೆ ಮಾಡಿದ ನಿರ್ಧಾರವನ್ನು ಬದಲಿಸಕೂಡದು. ಸಾಂತ್ವನದಲ್ಲಿ, ಅಂದರೆ ಮನಸ್ಸು ದೇವರತ್ತ ಅರಳಿರುವಾಗ, ಹೆಚ್ಚಾಗಿ ದಾರಿ ತೋರುವುದು ಒಳ್ಳೆಯ ಆತ್ಮ. ಶುಷ್ಕತೆಯಲ್ಲಿ, ಅಂದರೆ ಹೀಗೆ ಒಣಗಿರುವಾಗ, ಸಲಹೆ ಕೊಡಲು ಮುಂದಾಗುವುದು ಕೆಟ್ಟ ಆತ್ಮ.

‘ಹಾಯೆನಿಸಿತು’ ಅಂದಿರಲ್ಲ, ಅಲ್ಲೇ ಹೆಚ್ಚಿನವರು ಮೋಸ ಹೋಗುವುದು. ಹೊರೆ ಇಳಿಸಿದಾಗ ಯಾರಿಗಾದರೂ ಹಗುರವಾಗುತ್ತದೆ, ಇಳಿಸಿದ್ದು ತಪ್ಪೇ ಆಗಿದ್ದರೂ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಕಾಲು ಮುರಿದು ಹಾಸಿಗೆ ಹಿಡಿದಿದ್ದ ಇಗ್ನೇಷಿಯಸರು ಗಮನಿಸಿದ್ದೂ ಇದನ್ನೇ. ವೀರಯೋಧನಾಗಿ ಮೆರೆಯುವ ಕನಸು ಕಾಣುವಾಗ ಖುಷಿಯಾಗುತ್ತಿತ್ತು, ಮುಗಿದ ಮೇಲೆ ಬರಿದೆನಿಸುತ್ತಿತ್ತು. ಸಂತರಂತೆ ಬಾಳುವ ಯೋಚನೆ ಮಾತ್ರ ಮುಗಿದ ಮೇಲೂ ತೃಪ್ತಿ ಉಳಿಸುತ್ತಿತ್ತು. ಹಾಗಾಗಿ ಮೊನ್ನೆ ರಾತ್ರಿ ಏನನ್ನಿಸಿತು ಎನ್ನುವುದಕ್ಕಿಂತ ಮರುದಿನ ಏನುಳಿಯಿತು ಎಂದು ಕೇಳಿಕೊಳ್ಳಿ. ವಿಶ್ವಾಸ, ಭರವಸೆ, ಪ್ರೀತಿ ಹೆಚ್ಚಿದ್ದರೆ ಅದು ಸಾಂತ್ವನ. ಬರೀ ‘ಸದ್ಯ, ತಪ್ಪಿತು’ ಅನ್ನಿಸಿದ್ದರೆ ಅದು ಆಯಾಸದ ಮಾತು.

ಶುಷ್ಕತೆಗೆ ಇಗ್ನೇಷಿಯಸರು ಮೂರು ಕಾರಣ ಕೊಡುತ್ತಾರೆ: ನಮ್ಮದೇ ಅಸಡ್ಡೆ, ದೇವರು ನಡೆಸುವ ಪರೀಕ್ಷೆ, ಸಾಂತ್ವನವು ನಮ್ಮ ಸಂಪಾದನೆಯಲ್ಲ ಎಂಬ ಪಾಠ. ಮೊದಲನೆಯದನ್ನು ಮೊದಲು ನೋಡಿ. ಪ್ರಾರ್ಥನೆಯ ಹೊತ್ತು ಮೊಬೈಲ್ ಪಾಲಾಗುತ್ತಿದೆಯೇ? ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಯನ್ನು ಮುಂದೂಡುತ್ತಾ ಬಂದಿದ್ದೀರಾ? (ವಾರಗಟ್ಟಲೆ ನಿದ್ದೆ, ಹಸಿವು ಕೆಟ್ಟು ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ ಅದು ಖಿನ್ನತೆಯಿರಬಹುದು, ವೈದ್ಯರನ್ನು ಕಾಣಿ.) ಪ್ರಾರ್ಥನೆಯನ್ನಂತೂ ಮೊಟಕು ಮಾಡಬೇಡಿ. ಇಂಥ ಹೊತ್ತಿನಲ್ಲಿ ಗೊತ್ತುಮಾಡಿದ ಸಮಯಕ್ಕಿಂತ ತುಸು ಹೆಚ್ಚೇ ಕೂರಬೇಕೆನ್ನುತ್ತದೆ ಆ ಕೃತಿ. ಹದಿನೈದು ನಿಮಿಷ ಕೂರುವ ರೂಢಿಯಿದ್ದರೆ ಹದಿನಾರು ಕೂರಿ.

ರಾತ್ರಿ ಹತ್ತು-ಹದಿನೈದು ನಿಮಿಷ ಆತ್ಮಪರಿಶೋಧನೆಗೆ ಇಡಿ. ಹಂತಗಳು ಐದು: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಅವಲೋಕನ, ಪಶ್ಚಾತ್ತಾಪ, ನಾಳೆಯ ಸಂಕಲ್ಪ. ಕೆಡುವುದು ಸಾಮಾನ್ಯವಾಗಿ ಮೂರನೆಯದರಲ್ಲಿ, ಅದು ಪಾಪಗಳ ಪಟ್ಟಿಯಾಗಿಬಿಡುತ್ತದೆ. ನಿಮಗೆ ಬೇಕಾದದ್ದು ಮನಸ್ಸು ಎಲ್ಲಿ ಕದಲಿತು, ಅಲ್ಲಿಂದ ಎತ್ತ ಹೋಯಿತು ಎಂಬುದು. ಒಂದೆರಡು ಸಾಲು ಬರೆದಿಡಿ. ಹೀಗೆ: ‘ತರಗತಿಯಲ್ಲಿ ಹುಡುಗನೊಬ್ಬ ಆಕಳಿಸಿದ. ಸಿಡುಕು ಬಂತು. ನಾನು ಇದಕ್ಕೆ ಲಾಯಕ್ಕಿಲ್ಲ ಅನ್ನಿಸಿತು. ಸಂಜೆ ಜಪಸರ ಹಿಡಿಯಲಿಲ್ಲ.’ ಸಿಡುಕಿನಲ್ಲಿ ದೊಡ್ಡ ವಿಷಯವೇನಿಲ್ಲ. ಅದು ಸ್ವನಿಂದೆಯಾಗಿ, ಸ್ವನಿಂದೆ ಪ್ರಾರ್ಥನೆಯನ್ನೇ ತಪ್ಪಿಸಿತಲ್ಲ, ಆ ಜಾಡನ್ನು ನೋಡಿ. ಎರಡು ಮೂರು ವಾರ ಬರೆದರೆ ಒಂದೇ ಜಾಡು ಮತ್ತೆ ಮತ್ತೆ ಕಾಣಸಿಗುತ್ತದೆ.

ಸೇವೆಯಲ್ಲಿರುವವರಿಗೆ ಇನ್ನೊಂದು ಬಗೆಯ ಮೋಸವಿದೆ. ‘ತರಗತಿ ಬಿಟ್ಟು ಇನ್ನಷ್ಟು ಪ್ರಾರ್ಥಿಸು’ ಎಂಬಂಥ ಭಕ್ತಿಯ ಮಾತಾಗಿಯೇ ಅದು ಬರುತ್ತದೆ. ಆಗ ಯೋಚನೆಯ ಆರಂಭ, ನಡು, ಕೊನೆ ಮೂರನ್ನೂ ಪರಿಶೀಲಿಸಬೇಕು. ಶುರು ಚೆನ್ನಾಗಿದ್ದೂ ಕೊನೆಗೆ ಇದ್ದ ನೆಮ್ಮದಿ ಕದಡಿದರೆ ಅನುಮಾನಪಡಿ. ಒಳ್ಳೆಯ ದಾರಿಯಲ್ಲಿರುವವರಿಗೆ ಒಳ್ಳೆಯ ಆತ್ಮದ ಸ್ಪರ್ಶ ಸ್ಪಂಜಿಗೆ ನೀರಿಳಿದಂತೆ, ಕೆಟ್ಟದ್ದರದು ಕಲ್ಲಿಗೆ ನೀರು ಬಿದ್ದಂತೆ ಎಂದು ಇಗ್ನೇಷಿಯಸರ ಮಾತು.

ಮನಸ್ಸು ತಿಳಿಯಾದ ಮೇಲೆ ಕಾಗದದಲ್ಲಿ ನಾಲ್ಕು ಅಂಕಣ ಮಾಡಿ: ಮುಂದುವರಿದರೆ ಒಳಿತು, ಕೆಡುಕು; ಬಿಟ್ಟರೆ ಒಳಿತು, ಕೆಡುಕು. ಸಾಲು ಎಣಿಸಬೇಡಿ, ತೂಗಿ. ಪರಿಚಯವೇ ಇಲ್ಲದ ಒಬ್ಬರು ಇದೇ ಪ್ರಶ್ನೆ ತಂದರೆ ಏನು ಹೇಳುತ್ತಿದ್ದಿರಿ? ಸಾಯುವ ಗಳಿಗೆಯಲ್ಲಿ ಯಾವುದನ್ನು ಆರಿಸಿಕೊಂಡಿದ್ದರೆ ಚೆನ್ನಿತ್ತು ಅನ್ನಿಸೀತು? ಬಂದ ತೀರ್ಮಾನವನ್ನು ದೇವರ ಮುಂದಿಟ್ಟು, ಒಪ್ಪಿಗೆಯಾದರೆ ದೃಢಪಡಿಸೆಂದು ಕೆಲವು ದಿನ ಪ್ರಾರ್ಥಿಸಿ. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಾಕ್ಯವೇ ಅಪ್ಪಣೆ ಅನ್ನುವವರೂ ಇದ್ದಾರೆ. ಅದು ಶಕುನ ಕೇಳುವ ಕೆಲಸ.

ಇಷ್ಟನ್ನೂ ಒಬ್ಬರೇ ಮಾಡಬೇಡಿ. ಪಾಪನಿವೇದನೆ ಕೇಳುವ ಗುರುಗಳಿಗೋ ಆತ್ಮಿಕ ವಿಷಯ ಬಲ್ಲ ಹಿರಿಯರಿಗೋ ಹೇಳಿ. ‘ಯಾರಿಗೂ ಹೇಳಬೇಡ’ ಅನ್ನುವ ಒತ್ತಾಯವೇ ಸೈತಾನನ ಗುರುತೆನ್ನುತ್ತದೆ 13ನೇ ನಿಯಮ. ಕೊನೆಗೆ ಬಿಡುವುದೆಂದೇ ತೀರ್ಮಾನವಾದರೆ ಈ ಸಾಲಿನ ಪಾಠ ಮುಗಿಸಿ, ನಿಮ್ಮ ಜಾಗಕ್ಕೆ ಬರುವವರ ಕೈಗೆ ಹಾಜರಿ ಪುಸ್ತಕವನ್ನೂ ಮಕ್ಕಳ ವಿವರವನ್ನೂ ಒಪ್ಪಿಸಿಯೇ ಬಿಡಿ.