ಮಲೆನಾಡಿನಲ್ಲಿ ಕುದುರೆ ಸವಾರಿಗೆ ಚಾಕು ಇಟ್ಟುಕೊಳ್ಳಲೋ, ಮಲ್ಟಿ ಟೂಲ್ ಇಟ್ಟುಕೊಳ್ಳಲೋ?

ಡಿಸೆಂಬರ್‌ನಲ್ಲಿ ಹೊಸನಗರದ ಕಡೆ ಮೂರು ದಿನ ಕುದುರೆ ಮೇಲೆ ಸುತ್ತುವ ಯೋಚನೆ ಇದೆ, ಜೊತೆಗೆ ಒಳ್ಳೆಯ ಚಾಕು ಇರಲೋ ಮಲ್ಟಿ ಟೂಲ್ ಇರಲೋ ಅಂತ ಕೇಳಿದ್ದೀರಿ. ಮಲ್ಟಿ ಟೂಲ್ ತಗೊಳ್ಳಿ, ಅಂದರೆ ಇಕ್ಕಳ, ಅಲಗು ಎಲ್ಲ ಒಂದರಲ್ಲೇ ಮಡಚಿಕೊಳ್ಳುವ ಸಾಧನ. ಅದರಲ್ಲೂ ತಂತಿ ಕತ್ತರಿಸುವ ಇಕ್ಕಳ ಇರುವಂಥದ್ದು. ಚೀಲದಲ್ಲಿ ಹಾಕಬೇಡಿ, ಮೈಮೇಲೆ ಇರಲಿ.

ನಾನು ತೀರ್ಥಹಳ್ಳಿ ಹತ್ತಿರದವನು. ಮನೆಯಲ್ಲಿ ಗೌರಿ ಅಂತ ಒಂದು ಹೆಣ್ಣು ಕುದುರೆ ಇದೆ. ಮೂರು ವರ್ಷದ ಹಿಂದೆ, ಮಳೆಗಾಲ ಆಗಷ್ಟೇ ಮುಗಿದಿತ್ತು. ಬ್ಯಾಣದ (ಹುಲ್ಲುಗಾವಲಿನ) ಅಂಚಿನಲ್ಲಿ ಉಣುಗೋಲು, ಅಂದರೆ ದಾರಿಗೆ ಅಡ್ಡ ಹಾಕಿದ ಗಳು, ಸರಿಸೋಣ ಅಂತ ಇಳಿದಿದ್ದೆ. ಪಕ್ಕದಲ್ಲಿ ಹಳೇ ಮುಳ್ಳುತಂತಿ ಬೇಲಿ. ಕಂಬಗಳನ್ನು ಗೆದ್ದಲು ತಿಂದು ಬೇಲಿಯೇ ಮಲಗಿಬಿಟ್ಟಿತ್ತು. ಎದೆಮಟ್ಟದ ಹುಲ್ಲಿನಲ್ಲಿ ತಂತಿ ಕಾಣುತ್ತಲೇ ಇರಲಿಲ್ಲ. ಗೌರಿ ಬಲಕ್ಕೆ ಒಂದು ಹೆಜ್ಜೆ ಇಟ್ಟಳು, ಹಿಂಗಾಲಿಗೆ ತಂತಿ ಸುತ್ತಿಕೊಂಡಿತು.

ಇಕ್ಕಳ ಇತ್ತು. ಆದರೆ ಜೀನಿನ ಚೀಲದಲ್ಲಿ, ಅದೂ ಬಲಗಡೆ, ಬೇಲಿ ಇದ್ದ ಕಡೆಯಲ್ಲೇ. ಲಗಾಮು ಬಿಟ್ಟರೆ ಅವಳು ಎಳೆದುಕೊಂಡು ಓಡುತ್ತಾಳೆ, ಹಿಡಿದುಕೊಂಡರೆ ಚೀಲ ಕೈಗೆ ಸಿಗುವುದಿಲ್ಲ. ಅವಳ ಪಕ್ಕೆ ನಡುಗುತ್ತಿದ್ದದ್ದು ನನ್ನ ಮೊಣಕೈಗೆ ಗೊತ್ತಾಗುತ್ತಿತ್ತು. ಜೊತೆಗಿದ್ದ ಹುಡುಗ ನಿಧಾನ ಸುತ್ತಿ ಬಂದು ಬಕಲ್ ಬಿಚ್ಚಿ ತೆಗೆದುಕೊಟ್ಟ. ಅವನು ಲಗಾಮು ಹಿಡಿದ, ನಾನು ಕಾಲಿನ ಎರಡೂ ಬದಿಗೆ ತಂತಿ ಕತ್ತರಿಸಿದೆ. ಅಷ್ಟರಲ್ಲಿ ಗೊರಸಿನ ಮೇಲೆ ಒಂದು ಇಂಚು ಚರ್ಮ ಸೀಳಿತ್ತು. ಕುದುರೆಗೆ ಧನುರ್ವಾಯು ಬಹಳ ಸುಲಭವಾಗಿ ತಗಲುತ್ತದೆ, ಹಾಗಾಗಿ ಅವತ್ತು ಸಂಜೆಯೇ ಪಶುವೈದ್ಯರನ್ನು ಕರೆಸಿ ಇಂಜೆಕ್ಷನ್ ಹಾಕಿಸಿದೆ. ಅವತ್ತಿನಿಂದ ಟೂಲ್ ನನ್ನ ಬೆಲ್ಟಿನಲ್ಲೇ ಇದೆ. ನಿಮ್ಮನ್ನು ಬೀಳಿಸಿ ಕುದುರೆ ಓಡಿಹೋದರೆ ಚೀಲವೂ ಅದರ ಜೊತೆ ಹೋಗುತ್ತದೆ, ಅಲ್ವಾ?

ಬೆಲ್ಟಿನಲ್ಲಿ ಪಕ್ಕಕ್ಕೆ ಹಾಕಿಕೊಳ್ಳಿ, ಬೆನ್ನುಮೂಳೆಯ ಮೇಲೆ ಬೇಡ. ಬಿದ್ದರೆ ಅದರ ಮೇಲೇ ಬೀಳುತ್ತೀರಿ. ನಮ್ಮ ಕಡೆ ತೋಟಕ್ಕೆ ಹೋಗುವವರು ಬೆನ್ನ ಹಿಂದೆ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ಹೋಗುವುದನ್ನು ನೋಡಿರುತ್ತೀರಿ. ನಡೆಯುವವರಿಗೆ ಅದರಷ್ಟು ಒಳ್ಳೆಯ ಹತ್ಯಾರ ಇನ್ನೊಂದಿಲ್ಲ. ಲಂಟಾನ, ಬಿದಿರು ಏನು ಅಡ್ಡ ಬಂದರೂ ಸವರಿಕೊಂಡು ಹೋಗಬಹುದು. ಆದರೆ ಒರೆ ಇಲ್ಲದ ಅಲಗು ಸೊಂಟದಲ್ಲಿ ಇಟ್ಟುಕೊಂಡು ಕುದುರೆ ಹತ್ತಬೇಡಿ. ದಾರಿ ತೋರಿಸಲು ಮುಂದೆ ನಡೆಯುವವರ ಹತ್ತಿರ ಕತ್ತಿ ಇರಲಿ, ಸಾಕು.

ಇನ್ನು ಯಾವುದು ಅಂತ. ಒಂದೇ ಕೈಯಲ್ಲಿ ತೆರೆಯಲು ಬರಬೇಕು. ಇನ್ನೊಂದು ಕೈಯಲ್ಲಿ ಯಾವಾಗಲೂ ಹಗ್ಗ ಇರುತ್ತದೆ. ನಾನು ಇಟ್ಟುಕೊಂಡಿರುವುದು ಲೆದರ್‌ಮ್ಯಾನ್ ವೇವ್. ಎರಡು ಅಲಗೂ ಹೊರಗಡೆಯೇ ಇವೆ, ಹೆಬ್ಬೆರಳಲ್ಲಿ ತಳ್ಳಿದರೆ ತೆರೆದು ಲಾಕ್ ಆಗುತ್ತವೆ. ತೂಕ 241 ಗ್ರಾಂ, ಬೆಲ್ಟಿನಲ್ಲಿ ಅಷ್ಟೇನೂ ಭಾರ ಅನ್ನಿಸುವುದಿಲ್ಲ. ವಿಕ್ಟೋರಿನಾಕ್ಸ್‌ನ ಸಾಮಾನ್ಯ ಚಾಕುಗಳಲ್ಲಿ ಉಗುರು ಸಿಕ್ಕಿಸಿ ಎಳೆಯಬೇಕು, ಅದಕ್ಕೆ ಎರಡು ಕೈ ಬೇಕು. ಆಪಿನೆಲ್ ಅನ್ನುವ ಮಡಚುವ ಚಾಕು ಹಣ್ಣು ಹೆಚ್ಚಲು ಚೆಂದ, ನನಗೂ ಇಷ್ಟ. ಆದರೆ ಮರದ ಹಿಡಿ ನೆನೆದರೆ ಉಬ್ಬಿ ಅಲಗು ಒಳಗೇ ಬಿಗಿದುಕೊಳ್ಳುತ್ತದೆ. ನಮ್ಮ ಊರಿನ ಹವೆಗೆ ಅದನ್ನು ನಂಬಿಕೊಂಡು ಹೊರಡಲು ಆಗುವುದಿಲ್ಲ.

ಎರಡು ಅಲಗಿನಲ್ಲಿ ಒಂದಕ್ಕೆ ಗರಗಸದಂಥ ಹಲ್ಲು ಇರಲಿ. ಕಟ್ಟಿದ ಕುದುರೆ ಬೆದರಿ ಹಿಂದಕ್ಕೆ ಜಗ್ಗಿದರೆ ಗಂಟು ಕಲ್ಲಾಗುತ್ತದೆ, ಬಿಚ್ಚಲು ಸಾಧ್ಯವೇ ಇಲ್ಲ. ಬಿಗಿದ ನೈಲಾನ್ ಹಗ್ಗಕ್ಕೆ ಹಲ್ಲಿನ ಅಲಗು ತಾಗಿಸಿದರೆ ನಾಲ್ಕೈದು ಎಳೆತಕ್ಕೆ ಹರಿಯುತ್ತದೆ. ಮರದ ಕಡೆಗೆ, ಗಂಟಿನ ಹತ್ತಿರ ಕತ್ತರಿಸಿ. ಕುದುರೆ ಮುಖದ ಹತ್ತಿರ ಅಲಗು ಹೋಗಲೇಬಾರದು. ಹಗ್ಗ ಹರಿದ ತಕ್ಷಣ ಕುದುರೆ ಹಿಂದಕ್ಕೆ ಮುಗ್ಗರಿಸುತ್ತದೆ, ಪಕ್ಕದಲ್ಲಿ ಜಾಗ ಬಿಟ್ಟು ನಿಲ್ಲಿ. ಇದಕ್ಕಿಂತ ಒಳ್ಳೆಯದು, ಮರಕ್ಕೆ ಮೊದಲು ಗೋಣಿದಾರದ ಒಂದು ಕುಣಿಕೆ ಹಾಕಿ, ಅದಕ್ಕೆ ಹಗ್ಗ ಕಟ್ಟಿ. ಜೋರಾಗಿ ಜಗ್ಗಿದರೆ ದಾರವೇ ಹರಿಯುತ್ತದೆ.

ತಂತಿ ಕತ್ತರಿಸುವಾಗ ಒಂದು ಎಚ್ಚರಿಕೆ. ಬಿಗಿದ ತಂತಿ ತುಂಡಾದ ಕೂಡಲೇ ಹಾವಿನ ಹಾಗೆ ಸುರುಳಿ ಸುತ್ತಿ ಹಾರುತ್ತದೆ. ಮುಖ ಪಕ್ಕಕ್ಕೆ ಇರಲಿ. ಈಗ ಎಲ್ಲ ತೋಟಕ್ಕೂ ಸೋಲಾರ್ ಬೇಲಿ ಬಂದಿದೆ. ಅದನ್ನು ಮುಟ್ಟಲೇಬೇಡಿ, ತೋಟದವರನ್ನು ಕೂಗಿ ಆಫ್ ಮಾಡಿಸಿ.

ಹೂಫ್ ಪಿಕ್, ಅಂದರೆ ಗೊರಸು ಕೆರೆಯುವ ಕೊಕ್ಕೆ, ಬೇರೆಯೇ ತಗೊಳ್ಳಿ, ಜಾಸ್ತಿ ಬೆಲೆ ಏನಿಲ್ಲ. ಜಂಬಿಟ್ಟಿಗೆ ದಾರಿಯಲ್ಲಿ ಗೊರಸಿಗೆ ಹರಳು ಸಿಕ್ಕಿಕೊಳ್ಳುವುದು ದಿನಾ ಇದ್ದದ್ದೇ. ಚಾಕುವಿನ ತುದಿಯಿಂದ ಕೆರೆಯಲು ಹೋಗಬೇಡಿ. ಗೊರಸಿನ ನಡುವೆ ತ್ರಿಕೋಣದ ಮೆತ್ತಗಿನ ಭಾಗ ಇದೆಯಲ್ಲ, ಕಾಲು ಕೊಡವಿದರೆ ಅದಕ್ಕೇ ಚುಚ್ಚುತ್ತದೆ. ಪಿಕ್‌ನಿಂದ ಹಿಮ್ಮಡಿ ಕಡೆಯಿಂದ ಮುಂದಕ್ಕೆ ಕೆರೆಯಿರಿ.

ಟೂಲಿನ ಕೀಲುಗಳಿಗೆ ಹೊಲಿಗೆ ಮಿಷನ್ ಎಣ್ಣೆ ಬಿಡಿ. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಬಿಟ್ಟರೆ ಡಿಸೆಂಬರ್ ಬೆಳಗಿನ ಚಳಿಗೆ ಹೆಪ್ಪುಗಟ್ಟಿ ಅಲಗು ಬಿಗಿಯಾಗುತ್ತದೆ.

ಕಾನೂನಿನ ಮಾತು ನೀವು ಕೇಳಿಲ್ಲ, ಆದರೂ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಅಂದರೆ ಚಾಕುವೂ ಸೇರುತ್ತದೆ. ಅಭಯಾರಣ್ಯದ ಒಳಗೆ ಅದನ್ನು ಒಯ್ಯಲು ಲಿಖಿತ ಅನುಮತಿ ಬೇಕು. ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಮೂಕಾಂಬಿಕಾ, ಈ ಮೂರು ಅಭಯಾರಣ್ಯಗಳೂ ನಿಮ್ಮ ದಾರಿಯ ಆಸುಪಾಸಿನಲ್ಲೇ ಬರುತ್ತವೆ. ಆ ಕಡೆ ಗೊತ್ತಿರುವವರ ಹತ್ತಿರ ಕೂತು ಅವುಗಳ ಗಡಿ ಎಲ್ಲೆಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ. ಹೊರಗಿನ ದಾರಿ ಹಿಡಿಯುವುದೇ ಮೇಲು.

ಹೊರಡುವ ಮೊದಲು ಒಂದು ಸಂಜೆ ಕುದುರೆ ಪಕ್ಕ ನಿಂತು ಅಭ್ಯಾಸ ಮಾಡಿ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಟೂಲ್, ನೋಡದೆ ತೆರೆಯಬೇಕು. ಆಮೇಲೆ ಕೈ ಬದಲಿಸಿ. ಅಲಗು ಲಾಕ್ ಆಗುವಾಗ ‘ಟಕ್’ ಅನ್ನುತ್ತದೆ, ಆ ಸದ್ದು ಕುದುರೆಗೂ ರೂಢಿ ಆಗಬೇಕು. ಗೌರಿ ಮೊದಮೊದಲು ತಲೆ ಎತ್ತಿ ಬೆದರುತ್ತಿದ್ದಳು. ದಿನಾ ಹುಲ್ಲು ಹಾಕುವಾಗ ಪಕ್ಕದಲ್ಲಿ ನಿಂತು ನಾಲ್ಕು ಸಲ ತೆರೆದು ಮುಚ್ಚುತ್ತಿದ್ದೆ. ಈಗ ಕಿವಿಯನ್ನೂ ತಿರುಗಿಸುವುದಿಲ್ಲ.