ಅಮ್ಮನನ್ನು ನೋಡಿಕೊಂಡ ಮೂರು ವರ್ಷ

ತುಮಕೂರಿನ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಪತ್ರ ಬರೆದಿದ್ದಾರೆ. ಬಿ.ಕಾಂ. ಮುಗಿಸಿ ಪೀಣ್ಯದ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ ಐದು ವರ್ಷ ದುಡಿದವರು. 2019ರಲ್ಲಿ ತಾಯಿಗೆ ಲಕ್ವ ಹೊಡೆದಾಗ ಕೆಲಸ ಬಿಟ್ಟರು. 2022ರ ಕೊನೆಗೆ ತಾಯಿ ತೀರಿಕೊಂಡರು. ಆಮೇಲೆ ಆಡಿಟರ್ ಆಫೀಸೊಂದರಲ್ಲಿ ಐದು ತಿಂಗಳು, ಸಗಟು ವ್ಯಾಪಾರದ ಸಂಸ್ಥೆಯೊಂದರಲ್ಲಿ ಏಳು ತಿಂಗಳು. ಈ ಎರಡನೆಯ ಕಡೆ ಕೊನೆಯ ಮೂರು ತಿಂಗಳ ಸಂಬಳ ಇನ್ನೂ ಬಂದಿಲ್ಲ. ಈಚೆಗೆ ಸಂದರ್ಶನವೊಂದರಲ್ಲಿ "ಎಲ್ಲೂ ನಿಲ್ಲೋದಿಲ್ವಲ್ಲಮ್ಮ ನೀನು" ಅಂದಾಗ ಗಂಟಲು ಕಟ್ಟಿ, ಉತ್ತರ ಕೊಡಲಾಗದೆ ಎದ್ದು ಬಂದಿದ್ದಾರೆ. ಖಾಲಿ ಇರುವ ಮೂರು ವರ್ಷಕ್ಕೆ ಅನುಭವ ಪತ್ರ ಮಾಡಿಸಿಕೊಡುತ್ತೇನೆ ಎಂದು ಏಜೆಂಟರೊಬ್ಬರು ಮುಂದೆ ಬಂದಿದ್ದಾರಂತೆ. "ಏನು ಹೇಳಲಿ, ಎಷ್ಟು ಹೇಳಲಿ?" ಎಂದು ಕೇಳಿದ್ದಾರೆ.

ಆತ್ಮೀಯರೇ,

ಮೊದಲು ಆ ಅನುಭವ ಪತ್ರದ ಮಾತು. ದಯವಿಟ್ಟು ಬೇಡ. ಸರಿತಪ್ಪಿನ ವಿಚಾರ ಹಾಗಿರಲಿ, ಆ ಸುಳ್ಳು ನಿಲ್ಲುವುದೇ ಇಲ್ಲ. ನಿಮ್ಮ ಪಿಎಫ್ ಲೆಕ್ಕವೆಲ್ಲ ಯುಎಎನ್ ಎಂಬ ಒಂದೇ ಸಂಖ್ಯೆಗೆ ಅಂಟಿಕೊಂಡಿದೆ. ಯಾವ ಕಂಪನಿ, ಸೇರಿದ್ದು ಯಾವತ್ತು, ಬಿಟ್ಟದ್ದು ಯಾವತ್ತು ಎಂಬುದೆಲ್ಲ ಅದರ ಸೇವಾ ವಿವರದಲ್ಲಿ ಇರುತ್ತದೆ. ಹೊಸ ಕಡೆ ಸೇರುವಾಗ ಅದೇ ಸಂಖ್ಯೆಯನ್ನು ಕೊಡಬೇಕಾಗುತ್ತದೆ. ಮೂರು ವರ್ಷ ದುಡಿದಿದ್ದೇನೆ ಎನ್ನುವವರ ಖಾತೆಗೆ ಮೂರು ವರ್ಷದಲ್ಲಿ ಒಂದು ರೂಪಾಯಿಯೂ ಬಿದ್ದಿಲ್ಲವೆಂದರೆ, ಮೊದಲ ಪ್ರಶ್ನೆ ಅಲ್ಲಿಂದಲೇ ಏಳುತ್ತದೆ. ತಾಯಿಯ ಆರೈಕೆಗಾಗಿ ಬಿಟ್ಟೆ ಎಂದವರನ್ನು ಸೇರಿಸಿಕೊಳ್ಳುವ ಮಾಲೀಕರಿದ್ದಾರೆ. ಲೆಕ್ಕ ಬರೆಯುವ ಕೆಲಸಕ್ಕೆ ಸುಳ್ಳು ಪತ್ರ ಹಿಡಿದು ಬಂದವರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಅಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳುವವರಿಗೆ ನಿಮ್ಮ ಹಳೆಯ ಕಥೆ ಬೇಕಿರುವುದಿಲ್ಲ. ಅವರ ಭಯ ಮುಂದಿನದು. ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಸುವ ಹೊತ್ತಿಗೆ ಈಕೆ ಮತ್ತೆ ಹೊರಟುಬಿಟ್ಟರೆ ಏನು ಗತಿ ಎಂಬುದು. ಆ ಭಯಕ್ಕೆ ಉತ್ತರ ಕೊಡಿ, ಸಾಕು. ಅವರು ಕೇಳುವ ಮುಂಚೆ ನೀವೇ ಹೇಳಿದರೆ ಇನ್ನೂ ಒಳ್ಳೆಯದು: "2019ರಲ್ಲಿ ಅಮ್ಮನಿಗೆ ಲಕ್ವ ಹೊಡೀತು ಸರ್. ನೋಡ್ಕೊಳ್ಳೋಕೆ ನಾನೊಬ್ಬಳೇ ಇದ್ದಿದ್ದು, ಅದಕ್ಕೇ ಕೆಲಸ ಬಿಟ್ಟೆ. 2022ರಲ್ಲಿ ಅಮ್ಮ ಹೋದರು. ಈಗ ಪೂರ್ತಿ ಹೊತ್ತು ಕೆಲಸಕ್ಕೆ ಬರಬಹುದು." ಇಷ್ಟು ಹೇಳಿ ನಿಲ್ಲಿಸಿ. ಎದುರಿನವರು ಸುಮ್ಮನಿದ್ದರೆ ಆ ಮೌನ ತುಂಬಿಸಲು ಹೋಗಬೇಡಿ. ಆಸ್ಪತ್ರೆಯ ವಿವರ, ಅಣ್ಣಂದಿರು ಬರಲಿಲ್ಲವೆಂಬ ನೋವು ಆ ಕೋಣೆಗೆ ಬೇಕಾದದ್ದಲ್ಲ. ಮನೆಯಲ್ಲಿ ಇದೇ ನಾಲ್ಕು ಮಾತನ್ನು ಬಾಯಿಬಿಟ್ಟು ಹೇಳಿಕೊಳ್ಳಿ. ಹತ್ತನೆಯ ಸಲಕ್ಕೋ ಇಪ್ಪತ್ತನೆಯ ಸಲಕ್ಕೋ ಗಂಟಲು ಸಡಿಲವಾಗುತ್ತದೆ.

ಮನೆ ನೋಡಿಕೊಂಡ ಕಾಲವನ್ನು "ನಿರ್ವಹಣಾ ಅನುಭವ" ಎಂದೆಲ್ಲ ಬಣ್ಣ ಕಟ್ಟಿ ಬಯೋಡೇಟಾದಲ್ಲಿ ಬರೆಯಿರಿ ಎನ್ನುವ ಸಲಹೆ ಈಗ ಎಲ್ಲೆಲ್ಲೂ ಕೇಳುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ಮಗ್ಗುಲು ಬದಲಿಸಿ ಮಲಗಿಸಿದ್ದು ದೊಡ್ಡ ಕೆಲಸ. ಅದನ್ನು ಕಂಪನಿಯ ಭಾಷೆಗೆ ಇಳಿಸಿ ಅಂಕ ಗಿಟ್ಟಿಸಬೇಕಿಲ್ಲ. "2019–2022, ತಾಯಿಯ ಆರೈಕೆ" ಎಂದು ಒಂದು ಸಾಲು ಬರೆದರೆ ಸಾಕು.

ಆಡಿಟರ್ ಆಫೀಸಿನ ಐದು ತಿಂಗಳ ಬಗ್ಗೆ ನೀವು ಸುಮ್ಮನೆ ಅಳುಕುತ್ತಿದ್ದೀರಿ. ತೆರಿಗೆ ರಿಟರ್ನ್ಸ್ ತುಂಬುವ ಸೀಸನ್ನಿಗೆಂದು ಸೇರಿಸಿಕೊಂಡರು, ಸೀಸನ್ ಮುಗಿಯಿತು ಎಂದು ನೀವೇ ಬರೆದಿದ್ದೀರಿ. ಅದು ಅರ್ಧಕ್ಕೆ ಬಿಟ್ಟ ಕೆಲಸವಲ್ಲ, ಮುಗಿಸಿಕೊಟ್ಟ ಕೆಲಸ. ಬಯೋಡೇಟಾದಲ್ಲಿ ಪಕ್ಕಕ್ಕೆ "ತಾತ್ಕಾಲಿಕ" ಎಂಬ ಪದ ಸೇರಿಸಿ. ನಾಲ್ಕೈದು ಜನರ ಆಫೀಸಾದ್ದರಿಂದ ಪಿಎಫ್ ಇರಲಿಲ್ಲ, ಬಿಟ್ಟುಬಿಡಲೇ ಎಂದೂ ಕೇಳಿದ್ದೀರಿ. ಬಯೋಡೇಟಾ ನಿಮ್ಮದು, ಅದರಲ್ಲಿ ಏನಿರಬೇಕು ಎಂಬುದು ನಿಮಗೆ ಸೇರಿದ್ದು. ಆದರೆ ಕಂಪನಿ ಕೊಡುವ ಅರ್ಜಿ ನಮೂನೆಯಲ್ಲಿ "ಹಿಂದಿನ ಎಲ್ಲ ಕೆಲಸಗಳು" ಎಂದಿದ್ದು, ಕೆಳಗೆ ನಿಮ್ಮ ಸಹಿ ಬೀಳುವುದಾದರೆ, ಅಲ್ಲಿ ಒಂದನ್ನೂ ಬಿಡುವಂತಿಲ್ಲ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಮಂದಿ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಅಷ್ಟಕ್ಕೂ ನಾನಾಗಿದ್ದರೆ ಅದನ್ನು ಎರಡೂ ಕಡೆ ಬರೆಯುತ್ತಿದ್ದೆ. ಮೂರು ವರ್ಷದ ನಂತರ ಕೈ ಮತ್ತೆ ಪಳಗಿದ್ದು ಅಲ್ಲೇ ತಾನೆ?

ಸಂಬಳ ಕೊಡದ ಸಂಸ್ಥೆಯ ವಿಷಯಕ್ಕೆ, "ವೈಯಕ್ತಿಕ ಕಾರಣ" ಎನ್ನಿ, ಹಳೆಯ ಮಾಲೀಕರನ್ನು ದೂರಬಾರದು ಎಂದು ಗೆಳತಿ ಹೇಳಿದ್ದಾರೆ. ಹಾಗೆ ಹೇಳಿದರೆ ತಪ್ಪು ನಿಮ್ಮ ಮೇಲೆ ಬರುತ್ತದೆ. "ಮೂರು ತಿಂಗಳ ಸಂಬಳ ಬರಲಿಲ್ಲ, ಅದಕ್ಕೆ ಬಿಟ್ಟೆ. ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ" ಅನ್ನಿ. ಇದು ದೂರಲ್ಲ, ನಡೆದ ಸಂಗತಿ. ಮೋಸ, ದಗಾ ಎಂಬ ಮಾತು ಮಾತ್ರ ಬಾಯಿಗೆ ಬರದಿರಲಿ. ಅವರು ಪಿಎಫ್‌ನಲ್ಲಿ ನೀವು ಬಿಟ್ಟ ದಿನಾಂಕ ಹಾಕಿಲ್ಲ ಎಂದಿದ್ದೀರಲ್ಲ, ಅದಕ್ಕೆ ಅವರ ಬಾಗಿಲು ಕಾಯಬೇಕಿಲ್ಲ. 2020ರಿಂದ ಉದ್ಯೋಗಿಯೇ ಪಿಎಫ್ ಪೋರ್ಟಲಿನಲ್ಲಿ ಆ ದಿನಾಂಕ ನಮೂದಿಸಬಹುದು. ಕೊನೆಯ ಕಂತು ಬಿದ್ದು ಎರಡು ತಿಂಗಳು ಕಳೆದಿರಬೇಕು, ಅಷ್ಟೇ.

ನಿಜವಾಗಿ ಸಿದ್ಧವಾಗಬೇಕಾದ್ದು ಇನ್ನೊಂದಿದೆ. ನೀವು ಪೀಣ್ಯ ಬಿಟ್ಟ ಮೇಲೆ ನಿಮ್ಮ ಕಸುಬೇ ಬದಲಾಗಿದೆ. 2020ರಲ್ಲಿ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನ ಹೊಸ ರೂಪ ಟ್ಯಾಲಿ ಪ್ರೈಮ್ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ 500 ಕೋಟಿಗೂ ಹೆಚ್ಚು ವಹಿವಾಟಿನವರಿಗೆ ಶುರುವಾದ, ಬಿಲ್ಲನ್ನು ಸರಕಾರದ ಪೋರ್ಟಲಿನಲ್ಲಿ ನೋಂದಾಯಿಸುವ ಇ-ಇನ್‌ವಾಯ್ಸ್, 2023ರ ಆಗಸ್ಟಿಗೆ 5 ಕೋಟಿ ದಾಟಿದವರಿಗೂ ಇಳಿಯಿತು. ಅಂದರೆ ಆಗ ದೊಡ್ಡ ಕಂಪನಿಗಳ ತಲೆನೋವಾಗಿದ್ದದ್ದು ಈಗ ನಿಮ್ಮ ತುಮಕೂರು ಪಕ್ಕದ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳ ದಿನನಿತ್ಯದ ಕೆಲಸ. 2023ರ ಏಪ್ರಿಲಿನಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರು ಯಾವ ನಮೂದು ತಿದ್ದಿದರು ಎಂಬ ಜಾಡು ಉಳಿಯಲೇಬೇಕು. ಇವುಗಳಲ್ಲಿ ಕೆಲವನ್ನಾದರೂ ಆ ಎರಡು ಸಣ್ಣ ಕೆಲಸಗಳಲ್ಲಿ ನೀವು ಕೈಯಾರೆ ಮಾಡಿರುತ್ತೀರಿ. ಎಷ್ಟು ಇ-ಇನ್‌ವಾಯ್ಸ್ ಮಾಡಿದಿರಿ, ಎಷ್ಟು ಜನರ ರಿಟರ್ನ್ಸ್ ತುಂಬಿದಿರಿ, ನೆನಪು ಮಾಡಿಕೊಂಡು ಬರೆದಿಡಿ. ನಾಲ್ಕು ಮಾತಿನಲ್ಲಿ ಅಮ್ಮನ ವಿಷಯ ಮುಗಿಸಿದ ಕೂಡಲೇ ಮಾತನ್ನು ಇಲ್ಲಿಗೆ ತನ್ನಿ.

ಸಂದರ್ಶನದಲ್ಲಿ ಮದುವೆ ಯಾಕಾಗಿಲ್ಲ ಎಂದೂ ಕೇಳಿದರೆಂದು ಓದಿ ಬೇಸರವಾಯಿತು. ಅದಕ್ಕೆ ಉತ್ತರ ಕೊಡುವ ಬಾಧ್ಯತೆ ನಿಮಗಿಲ್ಲ. "ಕೆಲಸದ ಬಗ್ಗೆ ಏನು ಬೇಕಾದರೂ ಕೇಳಿ ಸರ್" ಎಂದು ಮೆಲ್ಲಗೆ ಹೇಳಿ.

ಕೆಲಸ ಕೊಡುವ ಜಾಗದಲ್ಲಿರುವ ಓದುಗರಿಗೂ ಒಂದು ಮಾತು. ವರ್ಷಗಳ ಹಿಂದೆ ಕರಡು ತಿದ್ದುವ ಕೆಲಸಕ್ಕೆ ಬಂದ ಅರ್ಜಿಯೊಂದನ್ನು, ನಡುವೆ ಎರಡು ವರ್ಷ ಖಾಲಿ ಇದೆಯೆಂಬ ಒಂದೇ ಕಾರಣಕ್ಕೆ ನಾನು ಬದಿಗಿಟ್ಟಿದ್ದೆ. ಕರೆದು ಕೇಳಲಿಲ್ಲ. ಈ ಪತ್ರ ಓದುವಾಗ ಅದು ನೆನಪಾಗಿ ಮನಸ್ಸು ಚುಚ್ಚಿತು. ತಾಯಿಯದೋ ಮಗುವಿನದೋ ತಮ್ಮದೇ ದೇಹದ್ದೋ ಕಾರಣಕ್ಕೆ ಬಿಡುವು ತೆಗೆದುಕೊಂಡವರನ್ನು ಒಮ್ಮೆ ಕೂರಿಸಿ ಕೇಳಿ.

ಬಾಕಿ ಸಂಬಳವನ್ನು ಮಾತ್ರ ಹೋದರೆ ಹೋಯಿತು ಎಂದು ಕೈಬಿಡಬೇಡಿ. ನೇಮಕಾತಿ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಮಾಲೀಕರ ಜತೆಗಿನ ವಾಟ್ಸ್‌ಆಪ್ ಮಾತುಕತೆಯ ಪ್ರತಿ ಜೋಡಿಸಿ ತುಮಕೂರಿನ ಕಾರ್ಮಿಕ ಇಲಾಖೆಯ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಹೊಸ ಕೆಲಸ ಸಿಕ್ಕ ಮೇಲೂ ಆ ಮೂರು ತಿಂಗಳ ದುಡ್ಡು ನಿಮ್ಮದೇ.

— ಸಂಪಾದಕ